ಭಾನುವಾರ ಬಾಗಿಲು ಹಾಕುವ ಊರಿನಲ್ಲಿ

"ಮುಂದಿನ ತಿಂಗಳು ಜರ್ಮನಿಯ ಮ್ಯೂನಿಕ್‌ಗೆ ಬರುತ್ತಿದ್ದೇವೆ. ಭಾನುವಾರ ಇಡೀ ಊರೇ ಬಾಗಿಲು ಹಾಕಿಕೊಂಡಿರುತ್ತದಂತೆ. ಎರಡು ಮಕ್ಕಳನ್ನು ಕಟ್ಟಿಕೊಂಡು ಏನು ಮಾಡೋದು ಅಕ್ಕಾ?" ಅಂತ ಕೇಳಿದ್ದೀರಿ.

ನಿಜ, ಹಾಲು, ಮೊಸರು, ತರಕಾರಿ ಎಲ್ಲ ಶನಿವಾರ ರಾತ್ರಿ ಎಂಟರೊಳಗೆ ತಂದಿಟ್ಟುಕೊಳ್ಳಬೇಕು. ಭಾನುವಾರ ಗೋಡೆಗೆ ಒಂದು ಮೊಳೆ ಹೊಡೆದರೂ ಕೆಳಗಿನ ಮನೆಯವರು ಬಂದು ಬೆಲ್ ಒತ್ತುತ್ತಾರೆ. ಶುರುವಿನಲ್ಲಿ ನನಗೂ ಉಸಿರು ಕಟ್ಟಿದ ಹಾಗಾಗಿತ್ತು. ಹನ್ನೊಂದು ವರ್ಷ ಆಯಿತು, ಈಗ ಅಂಗಡಿ ತೆಗೆದರೇ ನನಗೆ ಬೇಜಾರಾಗುತ್ತೇನೋ. ಮಾಲ್ ಇಲ್ಲ ಅಂದಮೇಲೆ ಬುತ್ತಿ ಕಟ್ಟಿಕೊಂಡು ಹೊರಡಲೇಬೇಕು, ಅಲ್ವಾ?

ಆದರೆ ದೊಡ್ಡ ಟ್ರಿಪ್‌ನಿಂದ ಶುರು ಮಾಡಬೇಡಿ. ಮೊದಲ ವರ್ಷ ನಾವು ರಜೆ ಸಿಕ್ಕಿದಾಗಲೆಲ್ಲ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಂತ ಓಡಿದೆವು. ಫೋಟೋ ಸಾಕಷ್ಟು ಬಂತು, ಊರಿನವರಿಗೆ ಕಳಿಸಿದ್ದೂ ಆಯಿತು. ವಾಪಸ್ ಬಂದರೆ ಕಷ್ಟಸುಖ ಹೇಳಿಕೊಳ್ಳೋಕೆ ಇಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಆಮೇಲೆ ಆಟದ ಮೈದಾನದಲ್ಲಿ ಸಿಕ್ಕ ಎರಡು ಕುಟುಂಬಗಳ ಜೊತೆ ಪ್ರತಿ ವಾರ ಹತ್ತಿರದಲ್ಲೇ ಎಲ್ಲಾದರೂ ಹೋಗೋಣ ಅಂತ ಮಾತಾಯಿತು. ಒಂದು ಮನೆ ಹಾಸನದವರು, ಇನ್ನೊಂದು ಟರ್ಕಿಯವರು. ಮಳೆ ಬಂದರೂ ತಪ್ಪಿಸಿಲ್ಲ. ಸುಮ್ನೆ ಇಸಾರ್ ನದಿ ದಡದಲ್ಲಿ ಮಕ್ಕಳು ಕಲ್ಲು ಎಸೆಯುತ್ತಾ ಕೂತ ವಾರಗಳೇ ಜಾಸ್ತಿ. ಬೇಸಿಗೆಯಲ್ಲಿ ಫ್ಲೌಖರ್ ಅನ್ನೋ ಕಡೆ ನದಿ ಪಕ್ಕ ಒಲೆ ಹಚ್ಚಲು ಜಾಗ ಗುರುತು ಮಾಡಿದ್ದಾರೆ. ಮುಸುಕಿನ ಜೋಳ ಸುಟ್ಟು, ನಿಂಬೆಹಣ್ಣಿನ ಹೋಳನ್ನು ಉಪ್ಪು ಖಾರದಲ್ಲಿ ಅದ್ದಿ ಉಜ್ಜಿದರೆ ಟರ್ಕಿ ಮನೆಯವರೂ ಇನ್ನೊಂದು ಕೇಳುತ್ತಾರೆ.

ಬಿಯರ್ ಗಾರ್ಡನ್, ಅಂದರೆ ಬಯಲಲ್ಲಿ ಮೇಜು ಹಾಕಿ ಬಿಯರ್ ಮಾರುವ ತೋಟ, ಅಂದ ತಕ್ಷಣ ಮುಖ ಕಿವುಚಬೇಡಿ. ನಮ್ಮ ಅತ್ತೆಯವರೇ ಬಂದು ಕೂತಿದ್ದಾರೆ! 1812ರಲ್ಲಿ ಬವೇರಿಯಾದ (ಮ್ಯೂನಿಕ್ ಇರೋದು ಇದೇ ಪ್ರಾಂತ್ಯದಲ್ಲಿ) ರಾಜ ಮ್ಯಾಕ್ಸ್ ಜೋಸೆಫ್ ಬಿಯರ್ ಮಾಡುವವರಿಗೆ ತಮ್ಮ ತೋಟದಲ್ಲೇ ಬಿಯರ್ ಮಾರಬಹುದು, ಆದರೆ ಬ್ರೆಡ್ಡು ಬಿಟ್ಟು ಬೇರೆ ಊಟ ಮಾರುವ ಹಾಗಿಲ್ಲ ಅಂತ ಅಪ್ಪಣೆ ಮಾಡಿದ. ಹಾಗಾಗಿ ಜನ ಊಟ ಮನೆಯಿಂದಲೇ ತರುತ್ತಿದ್ದರು. ಈಗ ಅಲ್ಲಿ ಊಟವೂ ಸಿಗುತ್ತದೆ, ಆದರೆ ಬುತ್ತಿ ತರುವ ಪದ್ಧತಿ ಉಳಿದಿದೆ. ಮೇಜಿನ ಮೇಲೆ ಬಟ್ಟೆ ಹಾಸಿಲ್ಲದ ಕಡೆ ಕೂರಬೇಕು, ಕುಡಿಯೋದು ಮಾತ್ರ ಅಲ್ಲೇ ಕೊಳ್ಳಬೇಕು. ಮಕ್ಕಳಿಗೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ ಶೋರ್ಲೆ ಕೊಡಿಸಿ. ಹಿರ್ಶ್‌ಗಾರ್ಟನ್ ಅನ್ನೋ ಬಿಯರ್ ಗಾರ್ಡನ್‌ನಲ್ಲಿ ಸುಮಾರು 8,000 ಜನ ಕೂರಬಹುದು, ಪಕ್ಕದಲ್ಲೇ ಬೇಲಿಯೊಳಗೆ ಜಿಂಕೆಗಳಿವೆ.

ಅಲ್ಲೇ ಒಮ್ಮೆ ಚಿತ್ರಾನ್ನದ ಡಬ್ಬಿ ತೆಗೆದೆ. ಎದುರಿಗೆ ಒಬ್ಬ ಅಜ್ಜ, ಮುಂದೆ ಮರದ ಹಲಗೆ, ಅದರ ಮೇಲೆ ಉದ್ದಕ್ಕೆ ಸುರುಳಿ ಸುತ್ತಿದಂತೆ ಹೆಚ್ಚಿ ಉಪ್ಪು ಹಚ್ಚಿದ ಬಿಳಿ ಮೂಲಂಗಿ. ಉಪ್ಪಿಗೆ ನೀರು ಬಿಟ್ಟು ಹೊಳೆಯುತ್ತಿತ್ತು. ನಮ್ಮತ್ತೆ "ಇವರೂ ಮೂಲಂಗಿ ತಿಂತಾರಾ!" ಅಂದರು. ಅಜ್ಜ ಒಂದು ತುಂಡು ಕೊಟ್ಟರು, ನಾವು ಒಂದು ಚಮಚ ಚಿತ್ರಾನ್ನ ಕೊಟ್ಟೆವು. ಒಗ್ಗರಣೆಯ ಕಡಲೆಬೇಳೆ ಕಟುಂ ಅಂದಾಗ ಅಜ್ಜ ಹಲ್ಲು ಹಿಡಿದುಕೊಂಡು ನಕ್ಕರು. ಜಾಗ ಕೇಳೋಕೆ "ಇಸ್ಟ್ ಹಿಯರ್ ನೋಖ್ ಫ್ರೈ?" ಅನ್ನಬೇಕು. ಜರ್ಮನ್‌ನಲ್ಲಿ ಇದೊಂದು ಬಾಯಿಪಾಠ ಮಾಡಿಕೊಂಡು ಬನ್ನಿ.

ಊರ ಹೊರಗೆ ಹೋಗಲು ಬಾಯರ್ನ್ ಟಿಕೆಟ್ ಇದೆ. ಒಂದೇ ಟಿಕೆಟ್‌ನಲ್ಲಿ ಐದು ಜನರ ತನಕ ಬವೇರಿಯಾದ ಲೋಕಲ್ ರೈಲುಗಳಲ್ಲಿ ಇಡೀ ದಿನ ಓಡಾಡಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಮಾತ್ರ, ಶನಿವಾರ ಭಾನುವಾರ ಆ ತಕರಾರಿಲ್ಲ.

ಟೇಗರ್ನ್‌ಜೇ ಸರೋವರ ಒಂದು ಗಂಟೆ ದಾರಿ. ಆದರೆ ಹುಷಾರು, ಆ ರೈಲು ಹೋಲ್ಟ್ಸ್‌ಕಿರ್ಷನ್‌ನಲ್ಲಿ ತುಂಡಾಗುತ್ತದೆ! ಒಂದು ಭಾಗ ಬೈರಿಶ್‌ಟ್ಸೆಲ್ ಕಡೆ. ಉಳಿದದ್ದು ಶಾಫ್ಟ್‌ಲಾಖ್‌ನಲ್ಲಿ ಮತ್ತೆ ಎರಡಾಗಿ, ಒಂದು ಲೆಂಗ್‌ಗ್ರೀಸ್‌ಗೆ, ಒಂದು ಟೇಗರ್ನ್‌ಜೇಗೆ. ನನಗಿದು ಗೊತ್ತಿರಲಿಲ್ಲ. ಪುಳಿಯೋಗರೆ ಚೀಲ ಹಿಡಿದು ಕಿಟಕಿ ಪಕ್ಕ ಸೀಟು ಸಿಕ್ಕಿತು ಅಂತ ಬೇರೆ ಡಬ್ಬಿಗೆ ಹೋಗಿ ಕೂತಿದ್ದೆ. ಯಜಮಾನರು, ಮಕ್ಕಳು ಸರೋವರ ಸೇರಿದರು, ನಾನೂ ಪುಳಿಯೋಗರೆಯೂ ಮೀಸ್‌ಬಾಖ್‌ನಲ್ಲಿ ಇಳಿದೆವು. ವಾಪಸ್ ಹೋಗುವ ರೈಲು ಹಿಡಿದು ಮತ್ತೆ ಹೋಲ್ಟ್ಸ್‌ಕಿರ್ಷನ್‌ಗೆ ಬಂದು ಅಲ್ಲಿಗೆ ಹೋಗುವಷ್ಟರಲ್ಲಿ ಮಕ್ಕಳು ಬ್ರೆಟ್ಸೆಲ್ (ಗಂಟು ಹಾಕಿದಂಥ ಉಪ್ಪಿನ ಬ್ರೆಡ್ಡು) ತಿಂದು ಮಲಗಿದ್ದರು. ಡಬ್ಬಿ ಮೇಲಿನ ಬೋರ್ಡು ಓದಿಯೇ ಹತ್ತಿ.

ಡಿಸೆಂಬರ್ ಕಷ್ಟ, ಸುಳ್ಳು ಹೇಳಲ್ಲ. ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಆಗ ಭಾನುವಾರ ಪಿನಕೊಟೆಕ್ ಚಿತ್ರಶಾಲೆಗೆ ಹೋಗಿ, ಮಕ್ಕಳಿಗೆ ದುಡ್ಡಿಲ್ಲ. ನಮ್ಮ ಚಿಕ್ಕವನಿಗೆ ಚಿತ್ರಕ್ಕಿಂತ ಅಲ್ಲಿಯ ಜಾರುವ ನೆಲವೇ ಇಷ್ಟ.

ಚಳಿ ಕೋಟು, ಬೂಟು ಇಲ್ಲೇ ತೊಗೊಳ್ಳಿ. ಸೂಟ್‌ಕೇಸ್‌ನಲ್ಲಿ ಜಾಗ ಉಳಿದರೆ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಒಂದು ಹಾಕಿಕೊಳ್ಳಿ. ನನ್ನದರ ಕೊಕ್ಕೆ ಮುರಿದು ಎರಡು ವರ್ಷ ಆಯಿತು, ನನಗೂ ಒಂದು ತಂದರೆ ದುಡ್ಡು ಕೊಡುತ್ತೇನೆ.