ವನ್ಯಜೀವಿ ಓದಲು ಬ್ರಿಟನ್ನಿಗೆ ಹೊರಟಿರುವ ಗಂಗಾವತಿಯ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಬಿಎಸ್ಸಿ ಮುಗಿಸಿದ್ದೀಯ, ಬ್ರಿಟನ್ನಿನಲ್ಲಿ ಸಂರಕ್ಷಣಾ ಜೀವಶಾಸ್ತ್ರದ ಒಂದು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿದೆ. ಚಳಿ ಹೇಗೆ, ಖರ್ಚು ಎಷ್ಟು, ಮುಂದೆ ಕೆಲಸ ಸಿಗುತ್ತದೆಯೇ, ಪ್ರಾಜೆಕ್ಟನ್ನು ನಮ್ಮ ಕೊಪ್ಪಳ ಸೀಮೆಯ ತೋಳಗಳ ಮೇಲೆ ಮಾಡಬಹುದೇ ಎಂದು ಕೇಳಿದ್ದೀಯ. ಕೊನೆಯ ಪ್ರಶ್ನೆ ಓದಿ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದು ಕೂತೆ. ನಾನು ಕುಷ್ಟಗಿ ಕಡೆಯವನು. ಹದಿನಾರು ವರ್ಷದ ಹಿಂದೆ ಇಂಥದೇ ಕೋರ್ಸಿಗೆ ಬಂದೆ, ಮಾಡಿದ್ದೂ ತೋಳದ ಪ್ರಾಜೆಕ್ಟೇ.

ಚಳಿಗೆ ಬಟ್ಟೆ ಇದೆ, ಕತ್ತಲಿಗೆ ಇಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಹೊತ್ತು ಮುಳುಗುತ್ತದೆ. ಸ್ವೆಟರ್ ಅಲ್ಲಿಂದ ಹೊರಬೇಡ, ಇಲ್ಲೇ ಕೊಳ್ಳು.

ಖರ್ಚಿಗೆ ನನ್ನ ಕಾಲದ ಲೆಕ್ಕ ಹೇಳಿ ಉಪಯೋಗವಿಲ್ಲ. ಆರೋಗ್ಯ ಸೇವೆಯ ದುಡ್ಡನ್ನು ವೀಸಾ ಅರ್ಜಿಯ ಜೊತೆಗೇ ಕಟ್ಟಿಸಿಕೊಳ್ಳುತ್ತಾರೆ, ಪಾಠ ನಡೆಯುವಾಗ ವಾರಕ್ಕೆ 20 ತಾಸಿನ ಮೇಲೆ ದುಡಿಯುವಂತಿಲ್ಲ. ಪಾರ್ಟ್‌ಟೈಮ್ ಮಾಡಿ ಫೀ ಕಟ್ಟಬಹುದು ಅನ್ನುವ ಏಜೆಂಟನ ಮಾತು ನಂಬಬೇಡ. ಮನೆಯಲ್ಲಿ ಹೊಲ ಅಡ ಇಡುವ ಮಾತು ಬಂದಿದ್ದರೆ ಒಂದು ವರ್ಷ ತಡೆ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯಲ್ಲೂ ಇದೇ ವಿಷಯದ ಒಳ್ಳೆಯ ಎಂಎಸ್ಸಿ ಇದೆ. ಈ ಮಾತು ನನಗೆ ಆಗ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಕೆಲಸ ಸಿಗುತ್ತದೆ, ಆದರೆ ನೀನು ಅಂದುಕೊಂಡದ್ದಲ್ಲ. ಊರಲ್ಲಿ ನಮ್ಮವ್ವ ಮಗ ಹುಲಿ ಕಾಯುತ್ತಾನೆ ಅಂತ ಹೇಳಿಕೊಂಡು ತಿರುಗುತ್ತಾಳೆ. ನಾನು ಹಳೇ ಮನೆಗಳ ಮುಂದೆ ಮಡಚು ಕುರ್ಚಿ ಹಾಕಿಕೊಂಡು, ಹೊತ್ತು ಮುಳುಗುವಾಗ ಹೆಂಚಿನ ಸಂದಿಯಿಂದ ಎಷ್ಟು ಬಾವಲಿ ಹೊರಬಿದ್ದವು ಅಂತ ಎಣಿಸುತ್ತೇನೆ. ಇಲ್ಲಿ ಬಾವಲಿಗೆ ಕಾನೂನಿನ ರಕ್ಷಣೆ ಇದೆ, ಅವುಗಳ ಗೂಡಿರಬಹುದಾದ ಚಾವಣಿ ಬಿಚ್ಚುವ ಮೊದಲು ಸರ್ವೆ ಆಗಬೇಕು. ಇವರ ತೋಳ ನಿರ್ನಾಮವಾಗಿ ಮುನ್ನೂರು ವರ್ಷದ ಮೇಲಾಯಿತು, ಕರಡಿ ಅದಕ್ಕೂ ಎಷ್ಟೋ ಮೊದಲೇ ಹೋಯಿತು. ಹಂಪಿ ಹತ್ತಿರದ ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲ ಸವರಿದರೆ ಇಳಿಹೊತ್ತಿಗೆ ಕರಡಿ ಮರಿ ಹೊತ್ತುಕೊಂಡು ಬಂದು ನೆಕ್ಕುತ್ತದೆ ಅಂದಾಗ ನನ್ನ ಕ್ಲಾಸಿನವರು ಬಾಯಿ ಬಿಟ್ಟು ಕೇಳಿದ್ದರು. ಆವತ್ತು ನನಗೆ ಬಂದ ಜಂಬ ಇನ್ನೂ ಪೂರಾ ಇಳಿದಿಲ್ಲ.

ಅದೇ ಜಂಬದಲ್ಲಿ ತೋಳದ ಪ್ರಾಜೆಕ್ಟ್ ಆರಿಸಿಕೊಂಡೆ.

ಮೊದಲ ಪೆಟ್ಟು ಪರವಾನಗಿಯದು. ತೋಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿ. ಅರಣ್ಯ ಇಲಾಖೆಯ ಒಪ್ಪಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ನಿನಗೆ ಪ್ರಾಜೆಕ್ಟಿಗೆ ಸಿಗುವುದೇ ಬೇಸಿಗೆಯ ಮೂರ್ನಾಲ್ಕು ತಿಂಗಳು. ಲದ್ದಿ, ಕೂದಲು ಇಲ್ಲಿಗೆ ತಂದು ಡಿಎನ್‌ಎ ನೋಡುತ್ತೇನೆ ಅಂದರೆ 2002ರ ಜೀವವೈವಿಧ್ಯ ಕಾಯ್ದೆಯ ಅನುಮತಿಯೂ ಬೇಕು. ಅರ್ಜಿಯನ್ನು ಊರು ಬಿಡುವ ಮೊದಲೇ ಹಾಕು. ನಾನು ಫೆಬ್ರವರಿಯಲ್ಲಿ ಹಾಕಿದೆ, ಒಪ್ಪಿಗೆ ಬರಲಿಲ್ಲ. ಕೊನೆಗೆ ತೋಳ ಬಿಟ್ಟು, ತೋಳ ಕಂಡ ಕುರಿಗಾರರನ್ನು ಮಾತಾಡಿಸುವುದು ಅಂತ ಆಯಿತು. ಮೇ ತಿಂಗಳಲ್ಲಿ ಅವರೆಲ್ಲಿ ಊರಲ್ಲಿರುತ್ತಾರೆ, ನಿನಗೆ ಗೊತ್ತೇ ಇದೆ. ನಿಮ್ಮ ಕಡೆಯ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕುರಿ ತರುಬಿಕೊಂಡಿದ್ದವರನ್ನು ಹುಡುಕಿ ಬಿಸಿಲಲ್ಲಿ ಅಲೆದೆ.

ಯೂನಿವರ್ಸಿಟಿಯವರು ಪ್ರತಿಯೊಬ್ಬರ ಸಹಿ ಬೇಕು ಅಂದಿದ್ದರು. ಅವರ ಫಾರ್ಮನ್ನು ನಾನೇ ಕನ್ನಡಕ್ಕೆ ತಿರುಗಿಸಿದ್ದೆ: 'ಈ ಅಧ್ಯಯನದಲ್ಲಿ ಪಾಲ್ಗೊಳ್ಳಲು ಸ್ವಇಚ್ಛೆಯಿಂದ ಒಪ್ಪಿರುತ್ತೇನೆ.' ಓದಿ ಹೇಳಿದರೆ ನನಗೇ ಸಬ್‌ರಿಜಿಸ್ಟ್ರಾರ್ ಆಫೀಸಿನ ವಾಸನೆ ಹೊಡೆಯಿತು. ಮಂದಿ ಕಾಗದ ನೋಡಿದ ಕೂಡಲೇ ಎದ್ದು ಕುರಿ ಕಡೆ ಹೋಗುತ್ತಿದ್ದರು. ಒಬ್ಬ ಅಜ್ಜ ಮಾತ್ರ ಕಂಬಳಿ ಮಡಚಿ ನನಗೆ ಹಾಸಿಕೊಟ್ಟು ಕೂತ. ತೋಳ ಯಾವ ಹಳ್ಳದಲ್ಲಿ ಮರಿ ಹಾಕುತ್ತದೆ, ನಾಯಿ ಬೊಗಳುವ ಮೊದಲೇ ಹೋತ ಕಿವಿ ನಿಗುರಿಸುವುದು ಹೇಗೆ, ಎಲ್ಲ ಹೇಳಿದ. 'ವರ್ಷಕ್ಕ ಒಂದೆರಡು ಮರಿ ಒಯ್ತೈತಿ. ಒಯ್ಲಿ ಬಿಡು, ಅದಕೂ ಹೊಟ್ಟಿ ಐತಿ' ಅಂದ. ಸಹಿಯ ಹೊತ್ತಿಗೆ ನನ್ನ ಮುಖ ನೋಡಿ ಕೇಳಿದ: 'ತಮ್ಮಾ, ಇದಕ್ಕ ಹೆಬ್ಬಟ್ಟು ಒತ್ತಿದ್ರ ನಾಳೆ ನಮ್ಮ ಕುರಿಗೆ ಅಡವಿ ಬಂದ್ ಆಗಂಗಿಲ್ಲ ಹೌದಿಲ್ಲೋ?'

'ಇಲ್ಲ ಬಿಡ ಅಜ್ಜಾ' ಅಂದೆ. ಒತ್ತಿದ. ನೀಲಿ ಶಾಯಿಯನ್ನು ಕುರಿಯ ಉಣ್ಣೆಗೇ ಒರೆಸಿಕೊಂಡ.

ಆಗಸ್ಟಿನಲ್ಲಿ ಕೊನೇ ಅಧ್ಯಾಯ ಬರೆಯುವಾಗ ನಿರ್ವಹಣಾ ಶಿಫಾರಸು ಇರಲೇಬೇಕು ಅಂದರು. ಮುಂದಿದ್ದ ಹತ್ತಾರು ಪ್ರಬಂಧಗಳು ಹೇಗೆ ಮುಗಿದಿದ್ದವೋ ನಾನೂ ಹಾಗೇ ಮುಗಿಸಿದೆ: ತೋಳದ ಆವಾಸದಲ್ಲಿ ಕುರಿ ಮೇಯಿಸುವುದನ್ನು ನಿಯಂತ್ರಿಸಬೇಕು. ಡಿಸ್ಟಿಂಕ್ಷನ್ ಬಂತು.

ಆ ಸಾಲನ್ನು ಯಾರೂ ಓದಿಲ್ಲ, ಅದರಿಂದ ಯಾವ ಅಡವಿಯೂ ಬಂದ್ ಆಗಿಲ್ಲ. ಆದರೆ ನಾನು ಬರೆದ ಆ ಸಾಲು ಸುಳ್ಳು. ನಮ್ಮ ಬಯಲಲ್ಲಿ ತೋಳ ಉಳಿದಿರುವುದೇ ಕುರಿಯ ಹಿಂದೆ, ಕುರಿ ಮೇಯ್ದು ತೆರವಾಗಿಟ್ಟ ಹುಲ್ಲಿನಲ್ಲಿ. ಅಜ್ಜ ನನಗೆ ಹೇಳಿದ್ದೇ ಅದು, ನನ್ನ ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರದಲ್ಲೇ ಇದೆ. 1791ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಶಾ ಎಂಬ ವಿದ್ವಾಂಸ ನಮ್ಮ ಕರಡಿಯ ಉದ್ದ ಉಗುರು, ಇಲ್ಲದ ಮುಂದಿನ ಹಲ್ಲು ನೋಡಿ ಅದನ್ನು ಮರಕ್ಕೆ ಜೋತುಬಿದ್ದು ನಿಧಾನಕ್ಕೆ ಸರಿಯುವ ಸ್ಲಾತ್ ಎಂಬ ಬೇರೆಯೇ ಪ್ರಾಣಿಯ ಜಾತಿಗೆ ಸೇರಿಸಿಬಿಟ್ಟಿದ್ದ. ಕ್ಲಾಸಿನಲ್ಲಿ ಅದನ್ನು ಕೇಳಿ ನಕ್ಕಿದ್ದೆ. ಅವನು ನಮ್ಮ ಅಡವಿ ನೋಡಿದವನಲ್ಲ, ನಾನು ಕಂಬಳಿ ಮೇಲೆ ಕೂತು ಕೇಳಿಸಿಕೊಂಡು ಬಂದವನು.

ಹಾಗಾಗಿ ತಂಗಿ, ಪ್ರಾಜೆಕ್ಟ್ ಮಾಡು. ಮಂದಿಯನ್ನು ಮಾತಾಡಿಸಲು ಯೂನಿವರ್ಸಿಟಿಯ ಒಪ್ಪಿಗೆ ಕೇಳುವ ಎಥಿಕ್ಸ್ ಅರ್ಜಿಯಲ್ಲೇ ಸಹಿಯ ಬದಲು ಬಾಯಿಮಾತಿನ ಒಪ್ಪಿಗೆ ಕೇಳು, ಕಾರಣ ಬರೆದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕೊನೇ ಅಧ್ಯಾಯವನ್ನು ಸಲ್ಲಿಸುವ ಮೊದಲು ಕನ್ನಡದಲ್ಲಿ ಫೋನಿನಲ್ಲಿ ಆ ಕುರಿಗಾರರಿಗೇ ಓದಿ ಹೇಳು. ನಾನು ಎರಡು ವರ್ಷ ಬಿಟ್ಟು ಊರಿಗೆ ಹೋದಾಗ ಅಜ್ಜ ಸಂತೆಯಲ್ಲಿ ಸಿಕ್ಕು, 'ನಿನ್ನ ಪುಸ್ತಕದಾಗ ಏನ್ ಬರದಿ?' ಅಂತ ಕೇಳಿದ. 'ತೋಳದ್ದು ಬರದೀನಿ ಅಜ್ಜಾ' ಅಂದೆ. ಚಹಾ ಕುಡಿಸಿ ಕಳಿಸಿದ, ದುಡ್ಡು ಅವನೇ ಕೊಟ್ಟ.

ಊಟದ ಬಗ್ಗೆ ನೀನು ಕೇಳಿಲ್ಲ, ನಿಮ್ಮವ್ವ ಕೇಳುತ್ತಾರೆ. ತುಪ್ಪ, ಪೇಡೆ ಕಟ್ಟಿಸಿಕೊಳ್ಳಬೇಡ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಶೇಂಗಾ ಚಟ್ನಿಯನ್ನು ಎರಡು ಕವರಿನಲ್ಲಿ ಕಟ್ಟು, ನನ್ನದು ಒಡೆದು ಬೈನಾಕ್ಯುಲರ್‌ಗೆ ಇವತ್ತಿಗೂ ಬೆಳ್ಳುಳ್ಳಿ ಘಮ ಇದೆ. ಖಡಕ್ ರೊಟ್ಟಿ ಮೂವತ್ತು ಸಾಕು. ನಾನು ಅರವತ್ತು ತಂದಿದ್ದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲೇ ಅರ್ಧ ಪುಡಿಯಾಗಿತ್ತು, ಆ ಪುಡಿಗೆ ಮೊಸರು ಹಾಕಿಕೊಂಡು ಡಿಸೆಂಬರ್‌ವರೆಗೂ ತಿಂದೆ.