ವಾರ್ಷಿಕ ಸರ್ವೆ ಸಹಿ ಇಲ್ಲದ ಲೋಡ್ ಲೈನ್ ಸರ್ಟಿಫಿಕೇಟ್
ನಾನೂ ಬೆಂಗಳೂರಿನಲ್ಲೇ ಕೂತು ಹಡಗುಗಳ ಕಾಗದಪತ್ರ ನೋಡುವವನು. ಲೋಡ್ ಲೈನ್ ಅಂದರೆ ಸರಕು ತುಂಬಿದಾಗ ಹಡಗು ಎಷ್ಟು ಮುಳುಗಬಹುದು ಅಂತ ಬದಿಯಲ್ಲಿ ಹಾಕುವ ಗೆರೆ. ಅದರ ಸರ್ಟಿಫಿಕೇಟ್‌ನ 5 ವರ್ಷ ಮುಗಿದಿಲ್ಲ, ವಾರ್ಷಿಕ ಸರ್ವೆಯ (ವರ್ಷಕ್ಕೊಮ್ಮೆಯ ತಪಾಸಣೆಯ) ಸಹಿ ಮಾತ್ರ ಇಲ್ಲ, ನಡೆಯುತ್ತಾ ಅಂತ ಕೇಳಿದ್ದೀರಿ.

ಮೊದಲು ತಾರೀಖು ನೋಡಿ. 1966ರ ಲೋಡ್ ಲೈನ್ ಒಪ್ಪಂದದ 1988ರ ಪ್ರೋಟೊಕಾಲ್ ಪ್ರಕಾರ, ಸರ್ಟಿಫಿಕೇಟ್ ಅವಧಿ ಮುಗಿಯುವ ದಿನ ಮತ್ತು ತಿಂಗಳೇ ಪ್ರತಿ ವರ್ಷದ ಲೆಕ್ಕ. ಅದರ ಹಿಂದಿನ ಅಥವಾ ಮುಂದಿನ 3 ತಿಂಗಳೊಳಗೆ ಸರ್ವೆ ಆಗಬೇಕು. ಇನ್ನೂ ಸಮಯ ಇದ್ದರೆ ಗಾಬರಿ ಬೇಡ. ದಾಟಿದ್ದರೆ ಸರ್ಟಿಫಿಕೇಟ್ ಊರ್ಜಿತವಲ್ಲ, ಬಂದರಿನಲ್ಲಿ ಹಡಗು ತಡೆಯಬಹುದು.

ಇದು ಸುಮ್ನೆ ಸಹಿಯ ಮಾತಲ್ಲ. ಹ್ಯಾಚ್ ಕವರ್ (ಸರಕು ಕೋಣೆಯ ಮುಚ್ಚಳ), ಗಾಳಿಕೊಳವೆ, ಡೆಕ್ಕಿನ ನೀರು ಹೊರಹೋಗುವ ಕಿಂಡಿ ಸರಿಯಿಲ್ಲದಿದ್ದರೆ ಬದಿಯ ಗೆರೆ ನಂಬಿ ಸರಕು ತುಂಬುವುದು ಅಪಾಯ. ಹಡಗಿನಲ್ಲಿ ಜನ ಇರುತ್ತಾರೆ, ಅಲ್ವಾ? ಇವತ್ತೇ ಕ್ಲಾಸ್ ಸಂಸ್ಥೆಗೆ (ಹಡಗು ತಪಾಸಣೆ ಮಾಡಿ ಪ್ರಮಾಣೀಕರಿಸುವ ಸಂಸ್ಥೆ) ಬರೆದು ಸರ್ವೇಯರ್‌ರನ್ನು ಕರೆಸಿ.