ಉಗುರು ತಾಗಿದರೆ ಏಳುವ ಬಣ್ಣ: ಸೈಕಲ್ ಫ್ರೇಮ್ ಪ್ರಶ್ನೋತ್ತರ

ಫ್ರೇಮಿಗೆ ಮನೆಯಲ್ಲೇ ಬಣ್ಣ ಹೊಡೆಯುವವರ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಈ ಸಲ ಅದಕ್ಕೇ ಜಾಗ ಜಾಸ್ತಿ. ಪೆಡಲು, ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳ ಅಚ್ಚು ತಿರುಗುವ ಭಾಗ) ಬಿಚ್ಚುವುದು ಹೇಗೆಂದು ಇಲ್ಲಿ ಹೇಳುವುದಿಲ್ಲ. ಅಷ್ಟು ಬಾರದವರು ಬಣ್ಣದ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಪ್ರಶ್ನೆ: ಹಳೆಯ ಸ್ಟೀಲ್ ಫ್ರೇಮನ್ನು ಪೂರ್ತಿ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಸ್ಪ್ರೇ ಡಬ್ಬಿಯಲ್ಲಿ ಪ್ರೈಮರ್ (ತಳದ ಕೋಟ್), ಬಣ್ಣ, ಕ್ಲಿಯರ್ (ಬಣ್ಣವಿಲ್ಲದ ಮೇಲ್ಕೋಟ್) ಎಲ್ಲ ಹೊಡೆದೆ. ಮೂರನೇ ದಿನ ಸೈಕಲ್ ಜೋಡಿಸಿದೆ. ತಿಂಗಳೊಳಗೇ ಚಕ್ಕೆ ಏಳುತ್ತಿದೆ. ಯಾವ ಕಂಪನಿಯ ಬಣ್ಣ ಗಟ್ಟಿ?

ಕಂಪನಿಯ ಮಾತು ಆಮೇಲೆ. ಎದ್ದ ಚಕ್ಕೆಯೊಂದನ್ನು ಮಗುಚಿ ನೋಡಿ. ಅದರ ಬೆನ್ನಿಗೆ ಪ್ರೈಮರ್ ಅಂಟಿದ್ದು, ಕೆಳಗೆ ಬರೀ ಲೋಹ ಹೊಳೆಯುತ್ತಿದ್ದರೆ, ತಪ್ಪಿರುವುದು ಲೋಹವನ್ನು ಅಣಿ ಮಾಡಿದ ರೀತಿಯಲ್ಲಿ. ಬೆನ್ನು ಕಂದು ಪುಡಿಯಾಗಿದ್ದರೆ ನೀವು ಬಣ್ಣ ಹೊಡೆದದ್ದು ತುಕ್ಕಿಗೆ. ಪ್ರೈಮರ್ ಫ್ರೇಮಿನ ಮೇಲೇ ಉಳಿದು ಬಣ್ಣ ಮಾತ್ರ ಬಂದಿದ್ದರೆ ಪ್ರೈಮರನ್ನು ಉಜ್ಜಿಲ್ಲ, ಇಲ್ಲವೇ ಮೇಲಿನ ಕೋಟ್ ಹೊತ್ತು ಮೀರಿ ಬಿದ್ದಿದೆ. ಚಕ್ಕೆಯಾಗದೆ ಸೀಟ್ ಕ್ಲಾಂಪಿನಡಿ ಮೇಣದಂತೆ ಒತ್ತಿ ಸರಿದಿದ್ದರೆ ಬಣ್ಣದ ಒಳಗೆ ಇನ್ನೂ ಹಸಿ ಇದೆ. ಈ ನಾಲ್ಕರಲ್ಲಿ ಒಂದನ್ನೂ ಬೇರೆ ಕಂಪನಿಯ ಡಬ್ಬಿ ಸರಿಮಾಡಲಾರದು.

ನಿಮ್ಮ ಪತ್ರದಲ್ಲೇ ಇರುವ ಮೊದಲ ತಪ್ಪು ಸೀಮೆಎಣ್ಣೆ. ಅದು ಜಿಡ್ಡನ್ನು ಕರಗಿಸುತ್ತದೆ ನಿಜ, ಆದರೆ ಹೋಗುವಾಗ ತನ್ನದೇ ಒಂದು ಎಣ್ಣೆ ಪದರ ಬಿಟ್ಟು ಹೋಗುತ್ತದೆ. ಡೀಸೆಲ್ಲೂ ಅಷ್ಟೇ. ಎರಡನೆಯದು ಕ್ರಮ: ಜಿಡ್ಡು ತೆಗೆಯುವುದು ಉಜ್ಜುವ ಮೊದಲು. ಜಿಡ್ಡಿನ ಮೇಲೆ ಉಪ್ಪುಕಾಗದ ಆಡಿಸಿದರೆ ಅದು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಸೋಪು ನೀರಲ್ಲಿ ತೊಳೆದು, ಒಣಗಿಸಿ, ಬಣ್ಣದ ಕೆಲಸಕ್ಕೆಂದೇ ಸಿಗುವ ಗ್ರೀಸ್ ರಿಮೂವರ್‌ನಲ್ಲಿ ಒರೆಸಿ. ಒಂದು ಬಟ್ಟೆ ಒದ್ದೆ, ಇನ್ನೊಂದು ಒಣ. ದ್ರವ ಆರುವ ಮೊದಲೇ ಒಣಬಟ್ಟೆ ಹಿಂಬಾಲಿಸಬೇಕು, ಇಲ್ಲವಾದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೇ. ಶುದ್ಧವಾಯಿತೋ ಇಲ್ಲವೋ ತಿಳಿಯಲು ಶುಭ್ರ ನೀರು ಸುರಿಯಿರಿ. ನೀರು ಒಂದೇ ಹಾಳೆಯಂತೆ ಹರಡಿದರೆ ಸರಿ, ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ.

ತುಕ್ಕಿಗೆ 80 ಅಥವಾ 120 ನಂಬರಿನ ಉಪ್ಪುಕಾಗದ (ನಂಬರ್ ಹೆಚ್ಚಿದಷ್ಟು ನಯ). ಪ್ರೈಮರ್‌ಗೆ ಮೊದಲು ಬರೀ ಲೋಹಕ್ಕೆ 180ರಿಂದ 240. ‘ಪೂರ್ತಿ ಉಜ್ಜಿ’ ಅನ್ನುವವರು ಸಾಮಾನ್ಯವಾಗಿ 600ರಲ್ಲಿ ಕನ್ನಡಿ ಮಾಡಿರುತ್ತಾರೆ. ಕನ್ನಡಿಗೆ ಪ್ರೈಮರ್ ಕಚ್ಚುವುದಿಲ್ಲ. ಅಲ್ಯೂಮಿನಿಯಂ ಫ್ರೇಮಿಗೆ ಉಕ್ಕಿನ ತಂತಿ ಬ್ರಷ್ ಮುಟ್ಟಿಸಬೇಡಿ. ಸಿಕ್ಕಿಕೊಂಡ ಉಕ್ಕಿನ ಕಣಗಳೇ ಮುಂದೆ ಬಣ್ಣದಡಿ ಸವೆತಕ್ಕೆ ಬೀಜವಾಗುತ್ತವೆ. ಉಜ್ಜಿದ ಮೇಲೆ ಮತ್ತೊಮ್ಮೆ ಗ್ರೀಸ್ ರಿಮೂವರ್, ಆಮೇಲೆ ಬರಿಗೈ ತಾಗಿಸುವಂತಿಲ್ಲ. ಬರೀ ಉಕ್ಕಿಗೆ ಅದೇ ದಿನ ಪ್ರೈಮರ್ ಬೀಳಲಿ. ರಾತ್ರಿ ಕಳೆದರೆ ಕಣ್ಣಿಗೆ ಕಾಣದ ತುಕ್ಕು ಶುರುವಾಗಿರುತ್ತದೆ.

ಪ್ರೈಮರ್ ಆಗಿ ಆರಿಸಬೇಕಾದ್ದು ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಎರಡು ಭಾಗದ ಎಪಾಕ್ಸಿ. ಗೀರು ತುಂಬಲೆಂದು ಮಾರುವ ಬೂದು ಬಣ್ಣದ ದಪ್ಪ ಪ್ರೈಮರ್ ಸೂಕ್ಷ್ಮ ರಂಧ್ರಗಳಿಂದ ತೇವ ಹೀರುತ್ತದೆ. ಗೀರು ಮುಚ್ಚಲು ಅದನ್ನು ಎಪಾಕ್ಸಿಯ ಮೇಲೆ ಹೊಡೆಯಬಹುದು, ತುಕ್ಕು ತಡೆಯಲು ಅದೊಂದನ್ನೇ ನೆಚ್ಚಬಾರದು. ಆಸಿಡ್‌ನಿಂದ ಲೋಹವನ್ನು ಕೊರೆದು ಕಚ್ಚುವ ಎಚ್ (etch) ಪ್ರೈಮರ್ ಮೇಲೆ ಎಪಾಕ್ಸಿ ಹೊಡೆಯಬೇಡಿ. ಆಸಿಡ್ ಎಪಾಕ್ಸಿಯನ್ನು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ. ಎರಡರಲ್ಲಿ ಒಂದು ಸಾಕು. ಮೇಲಿನ ಕೋಟ್ ಎಷ್ಟು ಗಂಟೆಯೊಳಗೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆ ಹೊತ್ತು ಮೀರಿದರೆ 400ರಲ್ಲಿ ಹೊಳಪು ಮುರಿದೇ ಮುಂದಿನ ಕೋಟ್.

ಹೊಡೆಯುವಾಗ 20ರಿಂದ 25 ಸೆಂಟಿಮೀಟರ್ ದೂರವಿರಲಿ. ಫ್ರೇಮಿನ ನಳಿಕೆಯ ಆಚೆಯೇ ಡಬ್ಬಿಯ ಬಟನ್ ಒತ್ತಿ, ನಳಿಕೆ ದಾಟಿದ ಮೇಲೆ ಬಿಡಿ. ಮೊದಲು ಬಾಟಮ್ ಬ್ರಾಕೆಟ್ಟಿನ ಸಂದಿ, ಹಿಂಚಕ್ರವನ್ನು ಹಿಡಿದಿರುವ ಸ್ಟೇಗಳ ಒಳಮೈ, ಬೆಸುಗೆಯ ಮೂಲೆಗಳು; ಸುಲಭದ ನಳಿಕೆಗಳು ಕೊನೆಗೆ. ತಿರುವುಮುರುವು ಮಾಡಿದರೆ ಸಂದಿಗೆ ಹೊಡೆಯುವಾಗ ಹಾರಿದ ಬಣ್ಣದ ಹುಡಿ ನಯವಾದ ಕಡೆ ಕೂತು ಮೈಯೆಲ್ಲ ತರಿತರಿ. ಪ್ರೈಮರ್ 2 ಕೋಟ್, ಬಣ್ಣ 3 ಅಥವಾ 4, ಕ್ಲಿಯರ್ 2 ಅಥವಾ 3. ನಡುವೆ 10–15 ನಿಮಿಷ ಆರಲಿ. ‘ಒಂದೇ ಸಲ ದಪ್ಪಗೆ’ ಎನ್ನುವ ಜಾಣರಿಗೆ: ಮೇಲೆ ಕೆನೆ ಕಟ್ಟುತ್ತದೆ, ಒಳಗಿನ ಥಿನ್ನರ್‌ಗೆ ಹೊರಬರಲು ದಾರಿ ಇರುವುದಿಲ್ಲ, ವಾರಗಟ್ಟಲೆ ಮೆತ್ತಗಿದ್ದು ಸೂಜಿಮೊನೆಯಷ್ಟು ಗುಳ್ಳೆ ಏಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಹೊಡೆದರೆ ಲ್ಯಾಕರ್ (ಥಿನ್ನರ್ ಹಾರಿ ಆರುವ ಬಣ್ಣ) ಬಿಳಿಚಿಕೊಳ್ಳುತ್ತದೆ.

ಕೊನೆಗೆ ನಿಮ್ಮ ‘ಮೂರನೇ ದಿನ’. ಆರುವುದು ಬೇರೆ, ಗಟ್ಟಿಯಾಗುವುದು ಬೇರೆ. ಲ್ಯಾಕರ್ ಥಿನ್ನರ್ ಹಾರಿಹೋಗಿ ಆರುತ್ತದೆ, ಥಿನ್ನರ್ ಮತ್ತೆ ತಾಗಿದರೆ ಕರಗುತ್ತದೆ. ಎನಾಮೆಲ್ ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಬಲಿಯುತ್ತದೆ. ಹಾರ್ಡನರ್ ಇರುವುದು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಬಾಳಿಕೆ ಬೇಕಾದರೆ ಕ್ಲಿಯರ್ ಇದೇ ಆಗಿರಲಿ. ಜೋಡಿಸುವ ಮೊದಲು ಅದಕ್ಕೆ ಒಂದು ವಾರ, ಮಾಮೂಲಿ ಡಬ್ಬಿಗೆ ಎರಡು ಮೂರು ವಾರ, ಎನಾಮೆಲ್‌ಗೆ ಒಂದು ತಿಂಗಳು ಕೊಡಿ. ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ ಉಗುರೊತ್ತಿ ನೋಡಿ. ಗುರುತು ಬಿದ್ದರೆ ಇನ್ನೂ ಕಾಯಿರಿ. ಎನಾಮೆಲ್ ಪೂರ್ತಿ ಬಲಿಯುವ ಮುಂಚೆ ಅದರ ಮೇಲೆ ಬಲವಾದ ಥಿನ್ನರ್ ಇರುವ ಕ್ಲಿಯರ್ ಬಿದ್ದರೆ ಒಣದ್ರಾಕ್ಷಿಯಂತೆ ಸುಕ್ಕುಗಟ್ಟುತ್ತದೆ.

ಎಚ್ಚರಿಕೆ: ಎರಡು ಭಾಗದ ಕ್ಲಿಯರ್‌ನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರಿಂದ ಆಸ್ತಮಾ ಬರಬಹುದು, ಬಂದರೆ ಬಿಡದೆಯೂ ಇರಬಹುದು. ಮೂಗಿಗೆ ಕಟ್ಟಿದ ಬಟ್ಟೆ, ಧೂಳಿನ ಮಾಸ್ಕ್ ಇದಕ್ಕೆ ಲೆಕ್ಕಕ್ಕಿಲ್ಲ. ಡಬ್ಬಿಯ ಮೇಲೆ ಹೇಳಿದ ಉಸಿರಾಟದ ರಕ್ಷಣೆ, ಕನ್ನಡಕ, ಕೈಗವಸು ಇಲ್ಲದಿದ್ದರೆ ಮಾಮೂಲಿ ಕ್ಲಿಯರ್ ಹೊಡೆದು, ವರ್ಷಕ್ಕೊಮ್ಮೆ ಚಕ್ಕೆ ಎದ್ದಲ್ಲಿ ತೇಪೆ ಹಾಕಿಕೊಳ್ಳಿ. ಅದಕ್ಕಿಂತ ಶ್ವಾಸಕೋಶ ಮುಖ್ಯ.

ಇನ್ನೊಂದು. ಚಕ್ರದ ನಟ್ಟು ಕಚ್ಚುವ ಡ್ರಾಪ್‌ಔಟ್ ಮುಖಗಳು, ಡಿಸ್ಕ್ ಬ್ರೇಕ್ ಕೂರುವ ಜಾಗ, ತಿರುಪಿನ ಮರೆಗಳು, ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನ ಬಾಯಿ, ಸೀಟ್ ಟ್ಯೂಬಿನ ಒಳಮೈ ಇವಕ್ಕೆ ಬಣ್ಣ ಬೇಡ, ಟೇಪು ಹಚ್ಚಿ. ಡ್ರಾಪ್‌ಔಟಿನಲ್ಲಿ ದಪ್ಪ ಬಣ್ಣವಿದ್ದರೆ ಸವಾರಿಯ ಭಾರಕ್ಕೆ ಅದು ನುಗ್ಗಾಗಿ, ಬಿಗಿದ ನಟ್ಟು ತಾನೇ ಸಡಿಲವಾಗುತ್ತದೆ. ಫ್ರೇಮಿನ ಸೀರಿಯಲ್ ನಂಬರನ್ನು ಉಜ್ಜಿ ಅಳಿಸಬೇಡಿ.

ಹಳೆಯ ಬಣ್ಣವನ್ನು ಪೂರ್ತಿ ತೆಗೆಯಲೇಬೇಕೇ?

ಗಟ್ಟಿಯಾಗಿ ಕೂತಿದ್ದರೆ ಬೇಡ. ಕಾರ್ಖಾನೆಯ ಬಣ್ಣಕ್ಕಿಂತ ಒಳ್ಳೆಯ ತಳಪಾಯ ನೀವು ಮನೆಯಲ್ಲಿ ಹಾಕಲಾರಿರಿ. 320ರಲ್ಲಿ ಹೊಳಪು ಪೂರ್ತಿ ಹೋಗುವಷ್ಟು ಉಜ್ಜಿ, ಚಕ್ಕೆ ಎದ್ದ ಅಂಚುಗಳು ಬೆರಳಿಗೆ ತಡೆಯದಂತೆ ಇಳಿಜಾರು ಮಾಡಿ.

‘ಉಜ್ಜುವುದೇ ಬೇಡ, ತುಕ್ಕಿನ ಮೇಲೇ ಹಚ್ಚಿ’ ಎನ್ನುವ ದ್ರಾವಣ?

ಮೇಲೆ ಥಳುಕು, ಒಳಗೆ ಹುಳುಕು. ಅದರಲ್ಲಿರುವ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ ತೆಳು ತುಕ್ಕನ್ನಷ್ಟೇ ಬದಲಿಸುತ್ತದೆ. ಹೆಕ್ಕಳ ಎದ್ದ ತುಕ್ಕನ್ನು ಮೊದಲು ಕೆರೆಯಲೇಬೇಕು. ಇದನ್ನು ಮುಚ್ಚಿಟ್ಟು ಮಾರುವವರ ಮಾತು ಕೇಳಬೇಡಿ.

ಅಲ್ಯೂಮಿನಿಯಂ ಫ್ರೇಮಿನ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ?

ಬಣ್ಣದ ಜೊತೆ ಫ್ರೇಮೂ ಕರಗುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಬೇರೆ. ಇದನ್ನು ಹೇಳಿಕೊಟ್ಟವರಿಂದ ದೂರವಿರಿ.

ಗ್ಯಾಸ್ ಟಾರ್ಚಿನಲ್ಲಿ ಸುಟ್ಟು ತೆಗೆಯಬಹುದೇ?

ಬೇಡ. ಅಲ್ಯೂಮಿನಿಯಂ ತನ್ನ ಹದ ಕಳೆದುಕೊಳ್ಳುತ್ತದೆ, ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಹೊಗೆ ವಿಷ.

ಕಾರ್ಬನ್ ಫ್ರೇಮಿಗೆ ಪೇಂಟ್ ರಿಮೂವರ್?

ಅದು ಕಾರ್ಬನ್ ಎಳೆಗಳನ್ನು ಹಿಡಿದಿರುವ ರಾಳವನ್ನೂ ತಿನ್ನುತ್ತದೆ. ಮುಟ್ಟಬೇಡಿ.

ಅಡುಗೆ ಒವನ್‌ನಲ್ಲಿ ಪೌಡರ್ ಕೋಟಿಂಗ್?

ಇಲ್ಲ.

ನಳಿಕೆಯೊಳಗೆ ತುಕ್ಕು ತಡೆಯುವ ಎಣ್ಣೆ ಯಾವಾಗ?

ಬಣ್ಣ ಗಟ್ಟಿಯಾದ ಮೇಲೆ. ಮೊದಲೇ ಹಾಕಿದರೆ ಸಣ್ಣ ತೂತುಗಳಿಂದ ಜಿನುಗಿ, ಅದು ತಾಗಿದಲ್ಲೆಲ್ಲ ಬಣ್ಣ ಮೀನಿನ ಕಣ್ಣಿನಂತೆ ಬಿರಿಯುತ್ತದೆ. ಸಿಲಿಕೋನ್ ಪಾಲಿಶ್ ತಾಗಿದ ಫ್ರೇಮಿಗೂ ಇದೇ ರೋಗ. ಆ ತೂತುಗಳನ್ನು ಬಣ್ಣದಲ್ಲಿ ಮುಚ್ಚಬೇಡಿ, ಒಳಗೆ ಸೇರಿದ ನೀರು ಇಳಿಯಬೇಕಾದ್ದು ಅಲ್ಲಿಂದಲೇ.

ಸ್ಟಿಕ್ಕರ್ ಕ್ಲಿಯರ್‌ನ ಕೆಳಗೋ, ಮೇಲೋ?

ಕೆಳಗೆ. ಅದರ ಮೇಲಿನ ಮೊದಲ ಎರಡು ಕೋಟ್ ಮಂಜು ಬಿದ್ದಷ್ಟು ತೆಳುವಾಗಿರಲಿ. ತೋಯಿಸಿದರೆ ಸ್ಟಿಕ್ಕರ್ ಅಂಚಿನಿಂದ ಸುರುಳಿ ಏಳುತ್ತದೆ.